ಹಣತೆ ಚೂರಿನ ಮತ

ಮೆಟುಚೆನ್, ನ್ಯೂಜೆರ್ಸಿ
ನವೆಂಬರ್ 21, 2024

ಪ್ರೀತಿಯ ನಂದಿತಾ,

ಹೇಗಿದ್ದೀಯೆ? ಸೆಪ್ಟೆಂಬರಿನಲ್ಲಿ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದು. ಮಂಡಿನೋವು ಹಾಗೇ ಇದೆ, ಚಳಿ ಶುರುವಾಗಿದೆ.

ನನ್ನನ್ನು ಕನ್ನಡ ಶಾಲೆಯಿಂದ ಹೊರಗೆ ಹಾಕಿದ್ದಾರೆ ಕಣೇ. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ ನಾನು ನಡೆಸಿದ ಶಾಲೆ. ಹಾಕಿದವರು ಅವರು, ದಾರಿ ತೋರಿಸಿದವಳು ನಾನೇ.

ಶಾಲೆ ನಡೆಸುವ ನಮ್ಮ ಕನ್ನಡ ಕೂಟದ ಹೊಸ ಕಾರ್ಯದರ್ಶಿ ಶರ್ವಾಣಿಯದು ವರ್ಷದಿಂದ ಒಂದೇ ಮಾತು. "ಆಂಟಿ, ಸಂಡೇ ಬೆಳಿಗ್ಗೆ ವುಡ್‌ಬ್ರಿಡ್ಜ್‌ವರೆಗೂ ಎಲ್ಲರಿಗೂ ಡ್ರೈವ್ ಮಾಡೋಕಾಗಲ್ಲ. ಝೂಮ್‌ನಲ್ಲೇ ಕ್ಲಾಸ್ ಮಾಡೋಣ, ಪ್ಲೀಸ್." ಕೈ ಹಿಡಿದು ತಿದ್ದಿಸದೆ ಅಕ್ಷರ ಬರುತ್ತದೆಯೇ ಎಂದು ನಾನು ಪಟ್ಟು ಹಿಡಿದೆ. ಸಭೆಗಳೆಲ್ಲ ಜಗಳದಲ್ಲೇ ಮುಗಿದವು.

ಈ ನಡುವೆ ದೊಡ್ಡ ಮಕ್ಕಳಿಗೆ ಪ್ರಜಾಪ್ರಭುತ್ವ ಹುಟ್ಟಿದ ಬಗೆ ಹೇಳಿಕೊಡುತ್ತಿದ್ದೆ. ಎಂ.ಎ.ಯಲ್ಲಿ ನಾವಿಬ್ಬರೂ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಅಥೆನ್ಸಿನಲ್ಲಿ ಇಬ್ಬರು ಮುಖಂಡರ ಜಗಳ ಊರನ್ನೇ ಒಡೆಯುವಂತಾದಾಗ ಜನ ಮಡಕೆ ಚೂರಿನ ಮೇಲೆ ಒಂದು ಹೆಸರು ಗೀಚುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ತಪ್ಪು ಮಾಡಿರಬೇಕೆಂದೇನೂ ಇಲ್ಲ. "ವಿಮೆನ್ ಕುಡನ್ಟ್ ವೋಟ್? ದೆನ್ ಹೌ ಈಸ್ ಇಟ್ ಡೆಮಾಕ್ರಸಿ?" ಎಂದು ಆರಾಧ್ಯಾ ಎಂಬ ಹುಡುಗಿ ಕೇಳಿದಾಗ ಉಬ್ಬಿಹೋದೆ. ನಮ್ಮ ಕೂಟದಲ್ಲಿ ಹೆಂಗಸರು, ಬೆಳೆದ ಮಕ್ಕಳು, ಎಲ್ಲರಿಗೂ ಮತವಿದೆ ನೋಡು ಎಂದೆ.

ಕಳೆದ ಭಾನುವಾರ ವಾರ್ಷಿಕ ಸಭೆ. ನಾನೇ ಎದ್ದು, "ಅಥೆನ್ಸಿನವರ ಹಾಗೇ ತೀರ್ಮಾನ ಮಾಡಿಬಿಡೋಣ. ನಾನೋ ಶರ್ವಾಣಿಯೋ, ಹೆಚ್ಚು ಚೂರುಗಳಲ್ಲಿ ಹೆಸರು ಬಂದವರು ಎರಡು ವರ್ಷ ಶಾಲೆ ಕಡೆ ತಲೆ ಹಾಕಬಾರದು" ಎಂದೆ. ದೀಪಾವಳಿಗೆ ತರಿಸಿದ್ದ ಹಣತೆಗಳಲ್ಲಿ ಒಂದು ಪೆಟ್ಟಿಗೆ ಒಡೆದು ಬಂದಿತ್ತು, ಆ ಚೂರುಗಳನ್ನು ನಾನೇ ಹಂಚಿದೆ. "ಬೇಡ ಆಂಟಿ, ದಿಸ್ ಈಸ್ ಟೂ ಮಚ್" ಎಂದಳು ಶರ್ವಾಣಿ. ಹೆದರಿದ್ದಾಳೆ ಎಂದು ಒಳಗೊಳಗೇ ನಕ್ಕೆ. ನನ್ನ ಬಿಸಿಬೇಳೆಬಾತ್ ತಿನ್ನದವರು ಅಲ್ಲಿ ಯಾರಿದ್ದರು?

ನಲವತ್ತೊಂದು ಚೂರು. ಇಪ್ಪತ್ತೈದರಲ್ಲಿ ನನ್ನ ಹೆಸರು, ಹದಿನೈದರಲ್ಲಿ ಅವಳದು. ಒಂದನ್ನು ಮಾತ್ರ, ಎಣಿಸುತ್ತಿದ್ದ ಶರ್ವಾಣಿ ಯಾರಿಗೂ ತೋರಿಸದೆ, "ಇದು ಇನ್‌ವ್ಯಾಲಿಡ್" ಎಂದು ಬೋರಲಾಗಿ ಪಕ್ಕಕ್ಕಿಟ್ಟಳು.

ಸಭೆಗೆ ಬಂದಿದ್ದ ಮಗಳು ಹಂಸಿನಿ ಕಾರಿನಲ್ಲಿ ಮನೆಗೆ ಕರೆತಂದಳು. "ಅಮ್ಮಾ, ನೌ ಯು ಕ್ಯಾನ್ ಫೈನಲಿ ರೆಸ್ಟ್" ಎಂದಳು. ಏತಕ್ಕೆ ರೆಸ್ಟು? ನಮ್ಮ ಯಜಮಾನರು ಕೇಶವಮೂರ್ತಿ ತೀರಿಕೊಂಡ ಮೇಲೆ ವಾರದ ಏಳು ದಿನಗಳಲ್ಲಿ ನನಗೆಂದು ಉಳಿದದ್ದು ಭಾನುವಾರ ಒಂದೇ. ಅದೂ ಹೋಯಿತು. ನನಗೆ ಅರವತ್ತೊಂಬತ್ತು, ನಂದಿತಾ. ಬರುವ ಭಾನುವಾರ ಬೆಳಿಗ್ಗೆ ಎದ್ದು ಏನು ಮಾಡಲಿ ಎಂದೇ ತಿಳಿಯುತ್ತಿಲ್ಲ. ಧಾರವಾಡಕ್ಕೆ ಬಂದು ಒಂದಷ್ಟು ತಿಂಗಳು ನಿನ್ನ ಜೊತೆ ಇರಲೇ? ಒಂದು ಮೂಲೆ ಸಾಕು. ಬೇಡ ಎನ್ನಬೇಡ ಕಣೇ, ಬೇಗ ಬರೆ.

ನಿನ್ನ ಮೊಮ್ಮಗಳು ಶ್ರಿಯಾಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿರಲಿ, ನಿನ್ನ ಹತ್ತಿರವೇ ಇರಲಿ.

ನಿನ್ನ,
ಉಷಾ

ಮರೆತದ್ದಲ್ಲ, ಬರೆಯಲು ಕೈ ಬಾರದ್ದು: ಚೂರುಗಳನ್ನು ಎಸೆಯಲಾಗದೆ ಮನೆಗೆ ತಂದಿದ್ದೆ. ಇವತ್ತು ಅಡುಗೆಮನೆ ಮೇಜಿನ ಮೇಲೆ ಹರಡಿ ನೋಡಿದೆ. ನಾನೇ ಅಕ್ಷರ ಕಲಿಸಿದ ಮಕ್ಕಳು ಎಷ್ಟು ಜನ ಅಲ್ಲಿ ಮತ ಹಾಕಿದ್ದರು! ನಲವತ್ತು ಚೂರೂ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿರುವುದು ಆ ಬೋರಲು ಹಾಕಿದ್ದೊಂದೇ. ದುಂಡಗಿನ, ಮುದ್ದಾದ ಅಕ್ಷರ. ನಾನು ಕೈ ಹಿಡಿದು ತಿದ್ದಿಸಿದ ಮೊದಲ ಮಗುವಿನದು. ಹಂಸಿನಿಗೆ ನಾನು ನೋಡಿದೆನೆಂದು ಗೊತ್ತಿಲ್ಲ, ನೀನೂ ಹೇಳಬೇಡ. ಅವಳು ಅದರ ಮೇಲೆ ಉಷಾ ಎಂದು ಬರೆದಿಲ್ಲ, 'ಅಮ್ಮ' ಎಂದು ಬರೆದಿದ್ದಾಳೆ.