ಎಡಗೆನ್ನೆಯ ಮಚ್ಚೆ

ಮಾರ್ಚ್ 3, ಬೆಳಿಗ್ಗೆ

ಲಿಫ್ಟಿನಲ್ಲಿ ಮತ್ತೆ ಅವಳ ಮುಖ. ನಿನ್ನೆ ಸಂಜೆಯಷ್ಟೇ ಉಗುರಿನಿಂದ ಕೆರೆದು ಕಿತ್ತಿದ್ದೆ. ಬೆಳಗಾಗುವಷ್ಟರಲ್ಲಿ ಹೊಸ ಸ್ಟಿಕ್ಕರ್. ಈ ಸಲ ಇನ್ನೂ ದೊಡ್ಡದು, ಅಂಟೂ ಗಟ್ಟಿ. ಗೇಟಿನ ಕಂಬ, ಕಸದ ಡಬ್ಬಿ, ಬಸ್ ನಿಲ್ದಾಣದ ಬೆಂಚು — ಎಲ್ಲಿ ನೋಡಿದರೂ ಅದೇ. ಕೆಳಗೆ ಒಂದೇ ಸಾಲು: ‘ಮಿಂಚುಳ್ಳಿಯ ಹೊಸ ಹಾಡು ಕೇಳಿದಿರಾ?’

ಕೇಳಿದ್ದೇನೆ. ಕೇಳದೆ ಇರಲು ಬಿಟ್ಟರೆ ತಾನೇ.

ಮಿಂಚುಳ್ಳಿ ಎಂದರೆ ಹಕ್ಕಿಯಲ್ಲ, ಪಾಪ್ ಹಾಡುವ ಹುಡುಗಿ. ಅಭಿಮಾನಿಗಳು ಇಟ್ಟ ಹೆಸರು. ಚಿಕ್ಕವನಿದ್ದಾಗ ಸಾಬೂನಿನ ಕಂಪನಿಯೊಂದು ವಿಮಾನದಿಂದ ಜಾಹೀರಾತಿನ ಚೀಟಿ ಉದುರಿಸಿದ್ದು ನೆನಪಿದೆ. ಆ ಕಸ ಗುಡಿಸುತ್ತ ಅಪ್ಪ ವಾರವಿಡೀ ಬೈದಿದ್ದರು. ಜೀವಮಾನವೆಲ್ಲ ಇತಿಹಾಸ ಪಾಠ ಹೇಳಿದವನು ನಾನು. ರಾಜರು ತಮ್ಮ ಹೊಗಳಿಕೆಯನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡದ್ದು ಗೊತ್ತು. ಆದರೆ ಕಲ್ಲುಕುಟಿಗನಿಗೆ ಕೂಲಿಯಾದರೂ ಸಿಗುತ್ತಿತ್ತು. ಇಲ್ಲಿ ಪ್ರಜೆಗಳೇ ಕೈಯಿಂದ ದುಡ್ಡು ಹಾಕಿ ಹೊಗಳುತ್ತಾರೆ.

ಹೇಳಿಕೊಳ್ಳಲು ನಾಚಿಕೆ — ಈ ಗುಂಪಿನ ಸರದಾರಿಣಿ ನನ್ನ ಒಡಹುಟ್ಟಿದ ತಂಗಿ. ದಂತವೈದ್ಯೆ. ನಮ್ಮದೇ ಕಟ್ಟಡದ ನೆಲಮಹಡಿಯಲ್ಲಿ ಕ್ಲಿನಿಕ್. ನಿವೃತ್ತಿಗೆ ಹತ್ತಿರದ ವಯಸ್ಸು.

ಮಾರ್ಚ್ 5, ಮಧ್ಯಾಹ್ನ

ದವಡೆ ಹಲ್ಲು ತೋರಿಸಲು ಹೋಗಿದ್ದೆ. ತಪ್ಪು ಮಾಡಿದೆ.

ಬಾಯಿ ತೆರೆಸಿ, ಎರಡೂ ಕಡೆ ಹತ್ತಿ ತುರುಕಿದಳು. ಹಾಡು ಹಾಕಿದಳು. ‘ಚೆನ್ನಾಗಿದೆ ಅಲ್ವಾ ಅಣ್ಣ?’ ಎಂದಳು. ನಾನು ‘ಆಂ’ ಎಂದೆ. ಹತ್ತಿ ತುಂಬಿದ ಬಾಯಲ್ಲಿ ಬೇರೆ ಯಾವ ಸ್ವರ ಹೊರಡುತ್ತದೆ? ‘ಒಪ್ಕೊಂಡ!’ ಎಂದು ನನ್ನ ಜೇಬಿನಿಂದ ಫೋನ್ ತೆಗೆದು, ನನ್ನದೇ ಹೆಬ್ಬೆರಳು ಒತ್ತಿಸಿ, ರೇಡಿಯೊದ ವಾರದ ಹಾಡಿಗೆ ನನ್ನ ವೋಟು ಹಾಕಿಸಿಬಿಟ್ಟಳು. ಊರಿನ ಅರ್ಧ ವೋಟು ಹೀಗೇ ಬಂದದ್ದಂತೆ.

ಇವಳೊಬ್ಬಳೇ ಆದರೆ ಸಹಿಸಬಹುದು. ನಮ್ಮ ಕಟ್ಟಡದಲ್ಲೇ ಮನೆ ಮಾಡಿರುವ ಪಕ್ಕದ ಬೇಕರಿಯವನು ಪ್ರತಿ ಬನ್ನಿನ ಮೇಲೆ ‘ಮಿಂ’ ಎಂದು ಕೊರೆಯುತ್ತಾನೆ. ಬಸ್ಸು ಓಡಿಸುವ ಮೇಲಿನ ಮನೆಯಾಕೆ ತಿರುವಿನಲ್ಲಿ ಪಲ್ಲವಿಯ ತಾಳಕ್ಕೇ ಹಾರ್ನ್ ಹೊಡೆಯುತ್ತಾಳೆ. ನನ್ನ ಹೆಂಡತಿ... ಇಂದು ಅಕ್ಕಿಡಬ್ಬಿಯಲ್ಲಿ ಹಳೆಯ ಫೋನ್ ಸಿಕ್ಕಿತು. ಸದ್ದಡಗಿಸಿಕೊಂಡು ಹಾಡು ತಾನೇ ತಾನಾಗಿ ಮತ್ತೆ ಮತ್ತೆ ಓಡುತ್ತಿತ್ತು. ‘ಇದೇನೇ?’ ಎಂದರೆ, ‘ಹಾಡು ಕೇಳಿದವರ ಲೆಕ್ಕ ಏರತ್ತಂತೆ. ನಿಮ್ಗೇನು ತೊಂದ್ರೆ? ಅಕ್ಕಿಗೆ ಕಿವಿ ಇದ್ಯಾ?’ ಎಂದಳು.

ಮಾರ್ಚ್ 6

ತಂಗಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. ಓದಿದವಳು, ನಾಲ್ಕು ಜನರ ಮುಂದೆ ಮಾನವಾಗಿ ಬದುಕಿದವಳು — ಯಾಕೆ ಈ ಹುಚ್ಚು?

ಕೈಗವಸು ಕಳಚುತ್ತ ಹೇಳಿದಳು: ‘ಜನ ನನ್ ಮುಖ ಕಂಡ್ರೆ ಕುರ್ಚಿ ಗಟ್ಟಿಯಾಗಿ ಹಿಡ್ಕೊತಾರೆ ಅಣ್ಣ. ಇಷ್ಟು ವರ್ಷ ಅದೇ ನೋಡಿದೀನಿ. ಆ ಹಾಡು ಹಾಕ್ದಾಗ ಕೈ ಸಡಿಲ ಬಿಡ್ತಾರೆ. ಮೊನ್ನೆ ಒಂದು ಮಗು ಹಲ್ಲು ಕಿತ್ತಿದ್ದೇ ಗೊತ್ತಾಗ್ದೆ ಕಾಲು ಕುಣಿಸ್ತಿತ್ತು. ಮಿಂಚುಳ್ಳಿ ಒಂದ್ಸಲ ನಮ್ ಕಡೆ ನೋಡಿದ್ರೆ ಸಾಕು. ಥ್ಯಾಂಕ್ಸ್ ಹೇಳ್ಬೇಕು.’

ಆದರೂ ಸಂಜೆ ಕಟ್ಟಡದ ಸಭೆ ಕರೆದು ಠರಾವು ಮಂಡಿಸಿದೆ: ಗೋಡೆ, ಲಿಫ್ಟು, ಕಂಬಗಳಿಗೆ ಯಾರೂ ಏನನ್ನೂ ಅಂಟಿಸಕೂಡದು. ಒಬ್ಬರೂ ವಿರೋಧಿಸಲಿಲ್ಲ. ತಂಗಿಯೇ ಮೊದಲು ಕೈ ಎತ್ತಿದಳು.

ಅಲ್ಲೇ ಅನುಮಾನ ಬರಬೇಕಿತ್ತು.

ಮಾರ್ಚ್ 9

ಮಿಂಚುಳ್ಳಿಯ ಪ್ರವಾಸದ ಊರುಗಳು ಪ್ರಕಟವಾದವು. ನಮ್ಮೂರಿಲ್ಲ. ಇಲ್ಲಿ ಅಷ್ಟು ದೊಡ್ಡ ಸಭಾಂಗಣವಿಲ್ಲವಂತೆ. ಇಪ್ಪತ್ತಮೂರರಂದು ರೈಲಿನಲ್ಲಿ ನಮ್ಮ ಮನೆ ಮುಂದಿನ ಹಳಿಯ ಮೇಲೆಯೇ ಹಾದು ಹೋಗುತ್ತಾಳೆ, ನಿಲ್ಲುವುದಿಲ್ಲ. ಕ್ಲಿನಿಕ್ಕಿನಲ್ಲಿ ಹಾಡಿಲ್ಲ. ಬನ್ನಿನ ಮೇಲೆ ಅಕ್ಷರವಿಲ್ಲ. ಬಸ್ಸು ತಿರುವಿನಲ್ಲಿ ಮೌನವಾಗಿ ಹೋಯಿತು.

ಒಳ್ಳೆಯದಾಯಿತು, ಶಾಂತಿ. ಪುಸ್ತಕ ಹಿಡಿದು ಕೂತೆ. ಯಾಕೋ ಪುಟ ಸಾಗಲಿಲ್ಲ.

ಮಾರ್ಚ್ 18, ರಾತ್ರಿ ಊಟದ ಮೊದಲು

ನಮ್ಮ ಹಾಸಿಗೆಯ ಮೇಲೆ ಹೊದಿಕೆಯಿಲ್ಲ. ಕೇಳಿದರೆ ಹೆಂಡತಿ ‘ತೊಳೆಯೋಕೆ’ ಎಂದಳು. ನೆರೆಮನೆಗಳಲ್ಲೂ ಇದೇ ಕಥೆ. ಇಡೀ ಕಟ್ಟಡದ ಹೊದಿಕೆಗಳು ಒಟ್ಟಿಗೆ ಕೊಳೆಯಾದವೇ? ಮೆಟ್ಟಿಲ ಮೇಲೆ ಬೇಕರಿಯವನು ಕಪ್ಪು ಬಣ್ಣ ತುಂಬಿದ ಬಕೆಟ್ ಹಿಡಿದು ಎದುರಾದ. ಮೊಣಕೈವರೆಗೂ ಕಪ್ಪು. ನನ್ನನ್ನು ಕಂಡದ್ದೇ ‘ಮೇಷ್ಟ್ರೇ, ಹೊಸ ತರದ ಚಾಕೊಲೇಟ್’ ಎಂದ. ನನ್ನನ್ನೇನು ಹಸುಗೂಸು ಅಂದುಕೊಂಡಿದ್ದಾನೆಯೆ?

ಕೊನೆಗೆ ತಂಗಿಯೇ ಬಂದು ಬಾಯಿಬಿಟ್ಟಳು. ‘ಅವಳು ನಮ್ಮೂರಿಗೆ ಬರಲ್ಲ ಅಂದ್ರೆ, ನಾವೇ ಅವಳ ಕಿಟಕಿಗೆ ಹೋಗೋಣ.’ ಯೋಜನೆ ಇಷ್ಟು: ಇಪ್ಪತ್ತಮೂರರಂದು ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುವುದು. ಮೇಲಿನ ಮಹಡಿಗಳಲ್ಲಿ ಕಪ್ಪು — ಕೂದಲು. ನಡುವೆ ಎರಡು ಕಡೆ ನೀಲಿ — ಕಣ್ಣು. ಕೆಳಗೆ ಕೆಂಪು — ತುಟಿ. ಉಳಿದ ಗೋಡೆ ಹಾಗೇ ಕೆನ್ನೆ. ರೈಲಿನಿಂದ ನೋಡಿದರೆ ಇಡೀ ಕಟ್ಟಡವೇ ಮಿಂಚುಳ್ಳಿಯ ಮುಖ.

‘ಏನೂ ಅಂಟಿಸ್ತಿಲ್ಲ ಅಣ್ಣ. ಬಟ್ಟೆ ಒಣಗಿಸ್ತಿದೀವಿ. ನಿನ್ ಠರಾವು ಮುರಿದ ಹಾಗಾಗಲ್ಲ.’

‘ನಾನೇನು ಮಾಡಬೇಕು?’

‘ಏನೂ ಮಾಡ್ಬೇಡ. ನಿನ್ ಬಾಲ್ಕನಿ ಬರೀ ಕೆನ್ನೆ. ಅವತ್ತೊಂದಿನ ನಿನ್ ಬನಿಯನ್ ಒಣಗಿಸ್ಬೇಡ, ಅಷ್ಟೇ.’

ಬನಿಯನ್ ಒಣಗಿಸುವುದು ಪ್ರಜೆಯ ಹಕ್ಕು ಎಂದೆ. ಖಂಡಿತ ಒಣಗಿಸುತ್ತೇನೆ ಎಂದೆ. ಪಟ್ಟೆಪಟ್ಟೆಯ ಪಾಯಿಜಾಮವನ್ನೂ. ಅವಳು ಸಿಟ್ಟಾಗಲಿಲ್ಲ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟಳು. ಅದೇ ಚುಚ್ಚಿತು.

ಮಾರ್ಚ್ 22, ಬೆಳಿಗ್ಗೆ

ಇಂದು ತಾಲೀಮು. ಎಲ್ಲರೂ ಬಟ್ಟೆ ತೂಗುಹಾಕಿ, ನೋಡಲು ಹಳಿ ದಾಟುವ ಕಾಲುಸೇತುವೆಗೆ ಓಡಿದರು. ಹಾಲು ತರುವ ನೆಪದಲ್ಲಿ ನಾನೂ ಹೋದೆ. ಬನಿಯನ್ ತೂಗುಹಾಕಿರಲಿಲ್ಲ... ಒಣಗಿರಲಿಲ್ಲ, ಅಲ್ಲ, ಒದ್ದೆಯೇ ಮಾಡಿರಲಿಲ್ಲ. ಇರಲಿ.

ಸುಳ್ಳು ಯಾಕೆ ಬರೆಯಲಿ. ನಾವು ದಿನವೂ ಜಗಳವಾಡುವ, ನೀರಿನ ಪಂಪು ಕೆಟ್ಟರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಆ ಹಳೆಯ ಕಟ್ಟಡ — ಗಾಳಿಗೆ ನಗುತ್ತಿತ್ತು. ನಿಜವಾಗಿಯೂ ತುಟಿ ಅಲುಗುತ್ತಿತ್ತು. ಸೇತುವೆಯ ಮೇಲೆ ಚಪ್ಪಾಳೆ, ಸಿಳ್ಳೆ. ತಂಗಿ ಕಣ್ಣೊರೆಸಿಕೊಂಡಳು.

ಆದರೆ ಏನೋ ಸರಿಯಿಲ್ಲ. ಓದುವ ಸಾಲಿನಲ್ಲಿ ತಪ್ಪಕ್ಷರ ಕಂಡಂತೆ ಕಣ್ಣು ತಡವರಿಸಿತು. ಹೊಳೆಯಿತು. ಮಚ್ಚೆ! ಅವಳ ಮಚ್ಚೆ ಎಡಗೆನ್ನೆಯದು, ಕಣ್ಣಿನ ಕೆಳಗೆ. ಇಲ್ಲಿ ಬೇಕರಿಯವನ ಬಾಲ್ಕನಿಯ ಕಪ್ಪು ಕಂಬಳಿ ಬಲಗೆನ್ನೆಯಲ್ಲಿ ತೂಗುತ್ತಿದೆ. ಹಣೆಯ ಮೇಲಿನ ಮುಂಗುರುಳೂ ಆಚೆ ಬದಿಗೆ ಬಿದ್ದಿದೆ.

ಇಷ್ಟು ಜನ ಭಕ್ತರು. ಒಬ್ಬರಿಗೂ ಕಾಣಲಿಲ್ಲ. ನನಗೊಬ್ಬನಿಗೇ ಯಾಕೆ ಕಂಡಿತು? ಮನೆಗೆ ಬಂದ ಮೇಲೆ ಅರ್ಥವಾಯಿತು. ಅವರು ಆ ಮುಖವನ್ನು ಅಂಟಿಸಿ ಮುಂದೆ ಹೋದವರು. ಉಗುರಿನಲ್ಲಿ ಇಂಚಿಂಚೇ ಕೆರೆದು ಕಿತ್ತವನು ನಾನು. ಆ ಮಚ್ಚೆ ಯಾವಾಗಲೂ ಕೊನೆಗೇ ಬರುತ್ತಿತ್ತು.

ಹಾಲು ತರಲು ಮರೆತಿದ್ದೆ.

ಅದೇ ದಿನ, ಸಂಜೆ

ಬೆಳಗಿನಿಂದ ಬಾಯಿ ಬಿಗಿಹಿಡಿದೆ. ನನ್ನದೇನು ಹೋಗಬೇಕು? ಒಣಗಲಿ ತಪ್ಪು ಮುಖ. ಆದರೆ ಆ ಹುಡುಗಿ ಕಿಟಕಿಯಿಂದ ನೋಡಿ ‘ಇದ್ಯಾರು?’ ಎಂದುಬಿಟ್ಟರೆ... ತಂಗಿ ಕಣ್ಣೊರೆಸಿಕೊಂಡದ್ದು ನೆನಪಾಯಿತು. ಕ್ಲಿನಿಕ್ಕಿಗೆ ಇಳಿದು ಹೋಗಿ ತಂಗಿಗೆ ಹೇಳಿದೆ; ಬೇಕರಿಯವನೂ ನನ್ನ ಹೆಂಡತಿಯೂ ಅಲ್ಲೇ ಇದ್ದರು.

ತಂಗಿ ಮೊದಲು ನಂಬಲಿಲ್ಲ. ‘ನಾನೇ ಎಡಗೆನ್ನೆ ಅಂತ ಬರ್ಕೊಟ್ಟಿದೀನಿ!’ ಅಲ್ಲೇ ಸಿಕ್ಕಿತು ತಪ್ಪಿನ ಮೂಲ. ಹಲ್ಲಿನ ಡಾಕ್ಟರಿಗೆ ಎಡ ಎಂದರೆ ಕುರ್ಚಿಯಲ್ಲಿ ಕೂತವರ ಎಡ. ಯಾವ ಮನೆಗೆ ಯಾವ ಬಟ್ಟೆ ಎಂದು ಹಂಚಿದ ಬೇಕರಿಯವನು ರಸ್ತೆಯಲ್ಲಿ ನಿಂತು ತನ್ನ ಎಡಗೈ ಬದಿಯ ಮನೆಗಳನ್ನು ಎಡ ಎಂದುಕೊಂಡಿದ್ದ. ಅದರಲ್ಲಿ ಅವನದೇ ಮನೆ ಮಚ್ಚೆ. ಆ ಸಂಭ್ರಮದಲ್ಲಿ ಮತ್ತೆ ನೋಡಲೂ ಇಲ್ಲ.

‘ಹಂಗಾದ್ರೆ ಮಚ್ಚೆ ಯಾರ ಮನೆಗೆ ಬರತ್ತೆ?’ ಎಂದ, ಮುಖ ಸಣ್ಣದು ಮಾಡಿಕೊಂಡು.

ತಂಗಿ ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದಳು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

‘ಅಣ್ಣ...’

‘ಕಂಬಳಿ ಬೇಡ,’ ಎಂದೆ. ‘ಜೋತುಬಿದ್ದು ಹಲಸಿನಕಾಯಿ ತರ ಕಾಣತ್ತೆ. ಗುಂಡಗಿರಬೇಕು. ನನ್ನ ಹತ್ತಿರ ದೊಡ್ಡ ಕಪ್ಪು ಛತ್ರಿ ಇದೆ.’

ಅವರೆಲ್ಲ ಎಬ್ಬಿಸಿದ ಗದ್ದಲಕ್ಕೆ ಎದುರು ಕಟ್ಟಡದವರು ಕಿಟಕಿ ತೆರೆದರು. ಕೂಡಲೇ ಶುರು — ಆ ಬದಿಯ ಹೊದಿಕೆ ಈ ಬದಿಗೆ, ಈ ಬದಿಯದು ಆ ಬದಿಗೆ. ಮೆಟ್ಟಿಲ ಮೇಲೆ ಹೊದಿಕೆಗಳೇ ಓಡಾಡುತ್ತಿವೆ, ಒಳಗೆ ಯಾರಿದ್ದಾರೋ ಕಾಣುವುದಿಲ್ಲ. ಬಸ್ಸಿನಾಕೆಗೂ ಪಕ್ಕದ ಮನೆಯವರಿಗೂ ಪಂಪಿನ ವಿಷಯದಲ್ಲಿ ಮಾತು ಬಿಟ್ಟುಹೋಗಿತ್ತು. ಇಂದು ಒಂದೇ ಮುಂಗುರುಳಿನ ಎರಡು ತುದಿ ಹಿಡಿದು ‘ಇನ್ನೂ ಸ್ವಲ್ಪ ಬಿಡ್ರೀ’ ಎನ್ನುತ್ತಿದ್ದರು.

ಮಾರ್ಚ್ 23, ಮಧ್ಯಾಹ್ನ

ಮರೆಯುವ ಮೊದಲು ಬರೆದುಬಿಡಬೇಕು.

ಬೆಳಿಗ್ಗೆ ಗಾಳಿಯೋ ಗಾಳಿ. ಛತ್ರಿ ಕಟ್ಟಿದರೆ ನಿಲ್ಲಲಿಲ್ಲ. ಹಿಡಿದೇ ನಿಲ್ಲಬೇಕಾಯಿತು — ಕಂಬಿಯ ಆಚೆಗೆ ಬಿಚ್ಚಿ ಚಾಚಿ, ಹಿಂದೆ ನಾನು. ಅಂದರೆ, ಊರಿಗೆ ಊರೇ ನೋಡುವ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬರೀ ಕಪ್ಪು ಬಟ್ಟೆ ಮತ್ತು ಕಡ್ಡಿ. ಹೆಂಡತಿ ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡಿದ್ದಳು. ‘ಹಾರಿ ಹೋದೀರ, ಮಚ್ಚೆ ಮೂಗಿನ ಮೇಲೆ ಕೂತೀತು.’

ರೈಲಿನ ಸದ್ದು ಬಂತು. ತಿರುವಿನಲ್ಲಿ ನಿಧಾನವಾಯಿತು. ಸೇತುವೆಯ ಮೇಲೆ ಕೂಗು ಎದ್ದಿತು, ಆಮೇಲೆ ತಟ್ಟನೆ ನಿಂತಿತು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ‘ಏನಾಯ್ತೇ? ರೈಲಿನ ಕಿಟಕಿಗೆ ಪರದೆ ಬಿದ್ದಿದೆಯಾ? ನೋಡಿದಳಾ?’

‘ನಂಗೆಲ್ಲಿ ಕಾಣತ್ತೆ, ನಿಮ್ ಬೆನ್ನು ಬಿಟ್ರೆ!’

ರೈಲು ಹೋಯಿತು. ತೋಳು ಮರಗಟ್ಟಿತ್ತು. ಕೆಳಗೆ ಯಾರದೂ ಸುಳಿವಿಲ್ಲ. ಎಲ್ಲ ಮುಗಿಯಿತು, ಅವಳು ನಿದ್ದೆ ಹೋಗಿದ್ದಿರಬೇಕು ಎಂದುಕೊಂಡೆ. ಆದರೂ ಛತ್ರಿ ಇಳಿಸಲು ಮನಸ್ಸಾಗಲಿಲ್ಲ. ನನಗೆ!

ಆಮೇಲೆ ಮೆಟ್ಟಿಲ ಮೇಲೆ ದಡದಡ. ಲಿಫ್ಟಿಗೆ ಕಾಯದೆ ತಂಗಿ ಹತ್ತಿ ಬಂದಿದ್ದಳು. ಉಸಿರಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

‘ಕಿಟಕಿಗೆ ಬಂದ್ಲು ಅಣ್ಣ. ಮೊದ್ಲು ಸುಮ್ನೆ ನೋಡಿದ್ಲು. ನಮ್ಗೆಲ್ಲ ಜೀವ ಬಾಯಿಗೆ ಬಂತು. ಆಮೇಲೆ... ಆಮೇಲೆ ತನ್ ಕೆನ್ನೆ ಮುಟ್ಕೊಂಡ್ಲು. ಬೆರಳಿಟ್ಟು, ಹೀಗೆ. ನಕ್ಕು ನಕ್ಕು ಗಾಜಿಗೆ ಹಣೆ ಒರಗಿಸ್ಕೊಂಡ್ಲು!’

‘ಯಾವ ಕೆನ್ನೆ?’

‘ನಿಂದೇ ಕಣೋ!’

ಅರವತ್ತು ದಾಟಿದ ನಾನು, ನಾಳೆನಾಡಿದ್ದು ಅರವತ್ತು ಮುಟ್ಟುವ ತಂಗಿ — ಬಾಗಿಲಲ್ಲೇ ಕೈ ಕೈ ಹಿಡಿದು ಕುಣಿದೆವು. ಛತ್ರಿಯ ಕಡ್ಡಿ ಮುರಿಯಿತು.

ಮಾರ್ಚ್ 26, ಕತ್ತಲಾದ ಮೇಲೆ

ಇಂದು ಅವಳ ರೈಲು ಮರಳುತ್ತದೆ. ಕತ್ತಲಲ್ಲಿ ಬಟ್ಟೆ ಕಾಣುವುದಿಲ್ಲವೆಂದು ಈ ಸಲ ದೀಪ. ಕಿಟಕಿಗಳಿಗೆ ಬಣ್ಣದ ಕಾಗದ ಕಟ್ಟಿ ಎಲ್ಲರೂ ಮನೆಯ ದೀಪ ಹಚ್ಚಿದ್ದಾರೆ. ನಕ್ಷೆ ನನ್ನದು: ಮಚ್ಚೆಯ ಕಿಟಕಿಯೊಂದು ಮಾತ್ರ ಕತ್ತಲು. ಎಡ ಬಲ ಎಂಬ ಮಾತನ್ನೇ ಇಡೀ ಕಟ್ಟಡದಲ್ಲಿ ನಿಷೇಧಿಸಿದ್ದೇನೆ. ಬಸ್ ನಿಲ್ದಾಣದ ಬದಿ, ಬೇಕರಿಯ ಬದಿ, ಅಷ್ಟೇ. ತುಟಿಯ ಕೆಂಪು ಸ್ವಲ್ಪ ಹೆಚ್ಚಾಯಿತೇನೋ ಎಂದು ಸೇತುವೆಗೆ ಹೋಗಿ ನೋಡಿ ಬಂದೆ. ಇಲ್ಲ, ಸರಿಯಾಗಿದೆ. ಇಷ್ಟು ಚೆಂದದ ಬೆಳಕು ಈ ಕಟ್ಟಡದಲ್ಲಿ ಎಲ್ಲಿ ಅಡಗಿತ್ತೋ. ರೈಲಿಗೆ ಇನ್ನೂ ಹೊತ್ತಿದೆ ಎಂದು ದೀಪ ಹಾಕಿಕೊಂಡು ಬರೆಯಲು ಕೂತೆ. ಈ ಅಭಿಮಾನ ಎಂಬುದರ ಬಗ್ಗೆ ನಾಲ್ಕು ಮಾತು ವಿಚಾರ ಮಾಡಿ ಬರೆಯಬೇಕೆಂದಿದ್ದೆ. ಇತಿಹಾಸದಲ್ಲಿ ಇದಕ್ಕೆ...

ಸೀಟಿ! ಇಷ್ಟು ಬೇಗ? ಕೆಳಗಿನಿಂದ ತಂಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಾಳೆ — ‘ಅಣ್ಣಾ, ಮಚ್ಚೆ ಉರೀತಿದೆ! ದೀಪ!’

ಬಂದೆ, ಆರಿಸ