ಪೀಠವಲ್ಲ, ಕಟ್ಟೆ

ಕೋರ್ಟ್ ಕಟ್ಟಡದ ಶೆಡ್ಡಿನಿಂದ
೨೮ನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಮ್ಮ ಮೂರನೇ ಬಿಲ್ಲು ಖಜಾನೆಯಿಂದ ವಾಪಸ್ ಬಂದಿದೆ. ನಿನ್ನೆ ಸಂಜೆ ಎಂಜಿನಿಯರ್ ಕಚೇರಿಯ ಗುಮಾಸ್ತರು ಬಂದು ಹೇಳಿದರು. ನಿನ್ನ ಕಣ್ಣಿನ ವಿಚಾರ ಕೇಳುವ ಮೊದಲೇ ಇದನ್ನು ಬರೆದೆ, ಬೈಯಬೇಡ. ಆಪರೇಷನ್ ಆದ ಕಣ್ಣು ಇನ್ನೂ ಉರಿಯುತ್ತಿದೆಯಾ? ಹೊತ್ತಿಗೆ ಸರಿಯಾಗಿ ಔಷಧದ ಹನಿ ಹಾಕಿಸಿಕೊಳ್ಳುತ್ತೀಯಾ? ಇದನ್ನು ನೀನು ಓದಬೇಡ, ಅತ್ತಿಗೆಯ ಕೈಲಿ ಓದಿಸು.

ತಪ್ಪು ನನ್ನದೇ. ವಿಚಾರಣೆಯ ಕೋಣೆಯಲ್ಲಿ ನ್ಯಾಯಾಧೀಶರು ಕೂರಲು ನಾವು ಕಟ್ಟಿದ ಕಾಂಕ್ರೀಟ್ ಕಟ್ಟೆಯನ್ನು ಬಿಲ್ಲಿನಲ್ಲಿ ‘ನ್ಯಾಯಾಧೀಶರ ಪೀಠ’ ಎಂದು ಬರೆದಿದ್ದೆ. ಕಟ್ಟೆ ಎಂದರೆ ಹರಟೆ ಹೊಡೆಯುವ ಜಾಗದಂತೆ ಕೇಳಿಸಿತು, ಮರ್ಯಾದೆಯ ಮಾತಿರಲಿ ಎಂದುಕೊಂಡೆ. ಖಜಾನೆಯವರು ಅದನ್ನು ಪೀಠೋಪಕರಣ ಎಂದು ತಿಳಿದರು. ಕಟ್ಟಡದ ಅನುದಾನದಲ್ಲಿ ಕುರ್ಚಿ ಮೇಜಿಗೆ ಅವಕಾಶವಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು ಇಡೀ ಬಿಲ್ಲನ್ನೇ ತಿರುಗಿಸಿದ್ದಾರೆ. ಮೇಸ್ತ್ರಿ ಆವತ್ತೇ ಹೇಳಿದ್ದರು, “ಕಟ್ಟೆ ಅಂತಾನೇ ಬರೀರಮ್ಮಾ, ಕಟ್ಟಿದ್ದು ನಾವು ತಾನೆ.” ಈಗ ಸಿಕ್ಕವರಿಗೆಲ್ಲ, “ಹನ್ನೆರಡು ಜನ ಸೇರಿದ್ರೂ ಅಲ್ಲಾಡದ ಕುರ್ಚಿ ಮಾಡಿದೀವಿ, ನೋಡ್ಕೊಂಡು ಹೋಗಿ” ಎನ್ನುತ್ತಿದ್ದಾರೆ. ನನಗೆ ನಗು ಬರಲಿಲ್ಲ. ಶನಿವಾರಕ್ಕೆ ಸರ್ಕಾರದ ವರ್ಷದ ಲೆಕ್ಕ ಮುಗಿಯುತ್ತದೆ. ಅಷ್ಟರೊಳಗೆ ಬಿಲ್ಲು ಪಾಸಾಗದಿದ್ದರೆ ಉಳಿದ ಅನುದಾನ ವಾಪಸ್ ಹೋಗುತ್ತದೆ, ಮತ್ತೆ ಮಂಜೂರಾಗುವುದು ಯಾವ ಕಾಲಕ್ಕೋ. ಕೆಲಸದವರಿಗೆ ಮೂರು ವಾರದ ಕೂಲಿ ಕೊಟ್ಟಿಲ್ಲ. ಬೆಳಿಗ್ಗೆ ಟೀ ಹೊತ್ತಿನಲ್ಲಿ ಗಾರೆಯವರು ಬೇರೆ ಕಡೆಯ ಕೆಲಸದ ಮಾತಾಡುತ್ತಿದ್ದರು, ನನ್ನನ್ನು ಕಂಡು ಲೋಟ ಇಟ್ಟು ಕೆಲಸಕ್ಕೆ ಎದ್ದರು.

ಎಂಜಿನಿಯರ್ ಇವತ್ತು ತಾವೇ ಬಂದು, ಟೇಪು ಹಿಡಿದು, ಅಳತೆ ಪುಸ್ತಕದಲ್ಲಿ ‘ಕಾಂಕ್ರೀಟ್ ಕಟ್ಟೆ’ ಎಂದು ತಿದ್ದಿ ಸಹಿ ಮಾಡಿದ್ದಾರೆ. ಅಷ್ಟರ ಮಟ್ಟಿಗೆ ಪುಣ್ಯ.

ಅತ್ತಿಗೆಗೆ ನಮಸ್ಕಾರ. ಡಾಕ್ಟರು ಬಗ್ಗಬೇಡ ಎಂದಿದ್ದಾರೆ, ನೆನಪಿರಲಿ.

ನಿನ್ನ ತಂಗಿ

ಮತ್ತೆ: ಗುತ್ತಿಗೆ ನಿನ್ನ ಹೆಸರಿನಲ್ಲಿರುವುದರಿಂದ ಹೊಸ ಬಿಲ್ಲಿಗೆ ನಿನ್ನ ಸಹಿಯೇ ಆಗಬೇಕು. ಗುಮಾಸ್ತರು, “ಅಣ್ಣನ ಸಹಿ ತಂಗಿಗೆ ಬರಲ್ವಾ, ಗೀಚಿಬಿಡಿ” ಎಂದರು. ಸುಳ್ಳು ಹೇಳುವುದಿಲ್ಲ, ರದ್ದಿ ಕಾಗದದ ಮೇಲೆ ನಾಲ್ಕು ಸಲ ಹಾಕಿ ನೋಡಿದೆ. ನಾಲ್ಕೂ ನಿನ್ನದರ ಹಾಗೆಯೇ ಬಂದವು. ಹೆದರಿ ಹರಿದು ಹಾಕಿದೆ. ಈ ಪತ್ರವನ್ನೂ ಬಿಲ್ಲನ್ನೂ ಮೇಸ್ತ್ರಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಪೆನ್ಸಿಲ್ ಗುರುತಿರುವ ಮೂರು ಕಡೆ ನಿಧಾನವಾಗಿ ಸಹಿ ಹಾಕು, ಕೈ ನಡುಗಿ ಬೇರೆಯಾಗಿ ಕಂಡರೆ ಅದಕ್ಕೂ ತಿರುಗಿಸುತ್ತಾರೆ. ಖಜಾನೆಯಲ್ಲಿ ಬಿಲ್ಲು ತೆಗೆದುಕೊಳ್ಳುವುದು ಶುಕ್ರವಾರ ಸಂಜೆ ನಾಲ್ಕರವರೆಗೆ.