ಬೀಗ ರಿಪೇರಿಯವನಿಗೆ ಅವನ ಅಕ್ಕನ ತಾಕೀತು

ಬುಧವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಹತ್ತೂವರೆ
ಜೈಲಿನ ಭೇಟಿ ಕೋಣೆಯ ಹೊರಗಿನ ಬೆಂಚು

ನನ್ನ ಮುದ್ದಿನ, ತಲೆತಿನ್ನೋ ತಮ್ಮನಿಗೆ,

ಈ ಗೋಡೆಯಾಚೆ ನೀನಿದ್ದೀಯ, ಈಚೆ ಕೂತು ನಾನು ಕಾಗದ ಬರೀತಿದ್ದೀನಿ. ನನಗೇನೂ ತಲೆ ಕೆಟ್ಟಿಲ್ಲ. ಹೋದ ಸಲ ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಇಪ್ಪತ್ತೆಂಟು ನಿಮಿಷ ನೀನು ಮಾತಾಡಿದೆ, ಉಳಿದ ಎರಡು ನಿಮಿಷ ಕೆಮ್ಮಿದೆ. ನಾನು ನಿನ್ನ ವಕೀಲೆ ಕಣೋ, ಹೇಳೋದಕ್ಕೆ ನನಗೂ ನಾಲ್ಕು ಮಾತಿರುತ್ತೆ. ಓದುವಾಗ ಮಾತ್ರ ನೀನು ತೆಪ್ಪಗಿರ್ತೀಯ, ಚಿಕ್ಕಂದಿನಿಂದ ನೋಡಿದ್ದೀನಿ. ಅದಕ್ಕೇ ಈ ಹಾಳೆಗಳನ್ನ ನಿನ್ನ ಮುಂದಿಟ್ಟು ಸುಮ್ಮನೆ ಕೂರ್ತೀನಿ. ಓದಿ ನನಗೇ ವಾಪಸ್ ಕೊಡು. ವಕೀಲರ ಜೊತೆ ಆಡಿದ ಮಾತು ಗುಟ್ಟಾಗಿರೋದು ನಿನ್ನ ಹಕ್ಕು. ನಿನ್ನ ಕೈಯಲ್ಲಿ ಬಿಟ್ಟರೆ ಪಕ್ಕದ ಸೆಲ್ಲಿನವನಿಗೆ ರಾಗವಾಗಿ ಓದಿ ಹೇಳ್ತೀಯ.

ನಾಳೆ ನಿನ್ನ ಕೇಸು. ಇನ್‌ಸ್ಪೆಕ್ಟರ್ ಸಾಕ್ಷಿ ಹೇಳೋದಕ್ಕೆ ಬರ್ತಾರೆ. ನೀನು ನಿನ್ನೆ ವಾರ್ಡರ್ ಕೈಲಿ ಹೇಳಿ ಕಳಿಸಿದ್ದು ತಲುಪಿತು: ನಾಳೆ ಜಡ್ಜ್ ಮುಂದೆ ಆ ಬೀಗ ತರಿಸಿ, ನಾನು ಒಂದು ಗೀರೂ ಬೀಳದ ಹಾಗೆ ತೆಗೆದು ತೋರಿಸ್ತೀನಿ, ಆಗ ಅವರಿಗೇ ಗೊತ್ತಾಗುತ್ತೆ ಅಂತ. ಅಯ್ಯೋ ಪುಣ್ಯಾತ್ಮ! ಅದನ್ನ ಕೇಳಿ ಕುಡೀತಿದ್ದ ನೀರು ನೆತ್ತಿಗೇರಿತು ನನಗೆ. ಕಳ್ಳತನದ ಆಪಾದನೆ ಹೊತ್ತವನು ಕೋರ್ಟಲ್ಲಿ ನಿಂತು ಬೀಗ ತೆಗೆಯೋ ವಿದ್ಯೆ ತೋರಿಸ್ತಾನಂತೆ. ಅವರಿಗೆ ಗೊತ್ತಾಗುತ್ತೆ, ಖಂಡಿತ ಗೊತ್ತಾಗುತ್ತೆ, ಆಮೇಲೆ ಏಳು ವರ್ಷ ನಿನ್ನ ಹೆಂಡತಿ ಇದೇ ಬೆಂಚಿನ ಮೇಲೆ ಕೂತಿರ್ತಾಳೆ.

ಒಂದು ಸಲ ಮೊದಲಿಂದ ನೆನಪು ಮಾಡ್ಕೋ. ಗಡಿಯಾರದ ಅಂಗಡಿಯ ಹಿಂಬಾಗಿಲ ಬೀಗ ತೆಗೆದು ಯಾರೋ ಕೈಗಡಿಯಾರಗಳನ್ನ ಹೊತ್ತುಕೊಂಡು ಹೋದರು. ಅದಕ್ಕೆ ಒಂದು ವಾರ ಮೊದಲು ಆ ಬೀಗ ರಿಪೇರಿ ಮಾಡಿದ್ದವನು ನೀನು. ಅಷ್ಟಕ್ಕೇ ನಿನ್ನ ಕರೆಸಿದರು. ಗಡಿಯಾರ ನಿನ್ನ ಹತ್ತಿರ ಸಿಗಲಿಲ್ಲ, ನಿನ್ನ ನೋಡಿದವರಿಲ್ಲ. ಆಗ ನೀನು ಹೇಳಬೇಕಾಗಿದ್ದು ಒಂದೇ ಮಾತು: ನನ್ನ ವಕೀಲರು ಬರಲಿ, ಅಲ್ಲಿವರೆಗೂ ನಾನು ಏನೂ ಹೇಳಲ್ಲ. ಅಷ್ಟು ಹೇಳಿದ್ದರೆ ಮಧ್ಯಾಹ್ನ ಊಟಕ್ಕೆ ಮನೇಲಿರ್ತಿದ್ದೆ.

ನೀನೇನು ಮಾಡಿದೆ? ಬೀಗದ ಮೇಲೆಲ್ಲ ಗೀರು, ನೀನೇ ಕೆರೆದು ತೆಗೆದಿದ್ದೀಯ ಅಂತ ಇನ್‌ಸ್ಪೆಕ್ಟರ್ ಹೇಳಿದ ತಕ್ಷಣ ನಿನಗೆ ಮೂಗಿನ ತುದಿಗೆ ಸಿಟ್ಟು ಬಂತು. ಕಳ್ಳ ಅಂದದ್ದಕ್ಕಲ್ಲ, ಕೆರೆದೆ ಅಂದದ್ದಕ್ಕೆ! ಇಂಥ ಕಚಡಾ ಕೆಲಸ ನನ್ನದಲ್ಲ ಸ್ವಾಮಿ, ನಾನಾಗಿದ್ದರೆ ಎರಡು ನಿಮಿಷ, ಒಂದು ಗುರುತೂ ಸಿಗ್ತಿರಲಿಲ್ಲ ಅಂದೆಯಂತೆ. ಅವರು ಬೀಗ ಕೈಗೆ ಕೊಟ್ಟರಂತೆ. ನೀನು ಅಲ್ಲಿದ್ದ ಲೇಡಿ ಕಾನ್‌ಸ್ಟೇಬಲ್ ಹತ್ತಿರ ಹೇರ್‌ಪಿನ್ ಈಸ್ಕೊಂಡು, ಒಂದೂಮುಕ್ಕಾಲು ನಿಮಿಷದಲ್ಲಿ ತೆಗೆದು, ಟೀ ಕುಡಿದು, ನಾಲ್ಕು ಪುಟದ ಹೇಳಿಕೆಗೆ ಓದದೇ ಸಹಿ ಹಾಕಿ ಬಂದೆ. ಬರಲಿಲ್ಲ, ಅಲ್ಲೇ ಉಳಿದೆ. ಆ ಹೇಳಿಕೆಯನ್ನ ಪರಿಗಣಿಸಬಾರದು ಅಂತ ನಾನು ಅರ್ಜಿ ಹಾಕಿ ಗಂಟಲು ಹರ್ಕೊಂಡಿದ್ದೀನಿ, ಇನ್ನೂ ತೀರ್ಮಾನ ಆಗಿಲ್ಲ. ಅದರ ಮೂರನೇ ಪುಟದಲ್ಲಿ ಏನಿದೆ ಗೊತ್ತಾ? ಆರೋಪಿಯು ಬೀಗ ತೆಗೆಯುವ ವಿಧಾನವನ್ನು ಸ್ವಇಚ್ಛೆಯಿಂದ ತೋರಿಸಿರುತ್ತಾನೆ. ನಿನ್ನ ಸಹಿ ಅದರ ಕೆಳಗೆ ಎಷ್ಟು ದುಂಡಗಿದೆ ಅಂದರೆ ನನಗೆ ಅಳು ಬಂತು.

ಪೊಲೀಸ್ ಸ್ಟೇಷನ್ನಿಗೆ ಒಬ್ಬನೇ ಹೋಗು ಅಂತ ಅವನಿಗೆ ಯಾರು ಹೇಳಿದ್ದು ಅಂತ ಅಮ್ಮ ದಿನಾ ಕೇಳ್ತಾಳೆ. ಅದೀಗ ಮುಗಿದ ಕಥೆ, ಬಿಡು.

ನಿನ್ನ ದೊಡ್ಡ ತಪ್ಪು ಎಲ್ಲಿದೆ ಹೇಳ್ತೀನಿ. ನೀನು ಕಳ್ಳ ಅಲ್ಲ ಅಂತ ನೀನೇ ಸಾಬೀತು ಮಾಡಬೇಕು ಅಂದ್ಕೊಂಡಿದ್ದೀಯ. ಇಲ್ಲ ಕಣೋ. ನೀನೇ ಕಳ್ಳ ಅಂತ ಸಾಬೀತು ಮಾಡೋ ಕಷ್ಟ ಅವರದು, ಪೂರ್ತಿ ಅವರದು. ಅದರಲ್ಲಿ ಸಂಶಯ ಉಳಿದರೆ ನೀನು ಮನೆಗೆ. ನಿನ್ನ ಹತ್ತಿರ ಗಿರಾಕಿ ಬಂದು ಈ ಬೀಗ ಕೆಟ್ಟಿದೆ ಅಂದರೆ ನೀನು ತೋರಿಸಿ ಅಂತೀಯಲ್ಲ? ಅವರು ತೋರಿಸೋ ಮೊದಲೇ ಬಿಚ್ಚಿ ಹರಡಿಕೊಂಡು ಕೂರ್ತೀಯಾ? ಇದೂ ಹಾಗೇ. ನೀನು ಸುಮ್ಮನಿದ್ದರೆ ಅದನ್ನೇ ತಪ್ಪೊಪ್ಪಿಗೆ ಅಂತ ಜಡ್ಜ್ ತಿಳಿಯೋ ಹಾಗಿಲ್ಲ. ಸುಮ್ಮನಿರೋದು ಕಳ್ಳರಿಗೆ ಕೊಟ್ಟ ರಿಯಾಯಿತಿ ಅಲ್ಲ, ನಿನ್ನಂಥ ಬಾಯಿಬಡುಕರು ಕೆಡದೇ ಇರಲಿ ಅಂತ ಯಾರೋ ಬುದ್ಧಿವಂತರು ಮಾಡಿಟ್ಟಿದ್ದು.

ಈಗ ನಾಳೆಯದು. ಆ ಬೀಗದ ಮೇಲೆ ನಿನ್ನ ಬೆರಳಚ್ಚು ಇದೆ ಅನ್ನೋದೇ ಅವರ ಕೈಲಿರೋ ಒಂದೇ ದೊಡ್ಡ ಸಾಕ್ಷಿ. ಅದು ರಿಪೇರಿ ಮಾಡಿದಾಗಿನದಲ್ಲ, ಹೊಸದು ಅಂತಾರೆ. ಬೆರಳಚ್ಚು ತೆಗೆದದ್ದು ಯಾವಾಗ? ನೀನು ಸ್ಟೇಷನ್ನಲ್ಲಿ ಹೇರ್‌ಪಿನ್ ಹಿಡಿದು ಸರ್ಕಸ್ ಮಾಡಿದ ಮಾರನೇ ದಿನ! ಬೀಗಕ್ಕೆ ಅಲ್ಲಿವರೆಗೂ ಸೀಲ್ ಆಗಿರಲಿಲ್ಲ. ಕಾಗದಪತ್ರದಲ್ಲಿ ತಾರೀಕು ಹುಡುಕೋದಕ್ಕೆ ನನಗೆ ಮೂರು ವಾರ ಹಿಡೀತು. ನಾಳೆ ಇನ್‌ಸ್ಪೆಕ್ಟರಿಗೆ ಮೆತ್ತಗೆ ಆರು ಪ್ರಶ್ನೆ ಕೇಳ್ತೀನಿ. ನಾಲ್ಕನೆಯದಕ್ಕೆ ಅವರು ಬೆವರ್ತಾರೆ. ಆರನೆಯದಕ್ಕೆ, ಹೌದು, ಸೀಲ್ ಮಾಡದ ಬೀಗವನ್ನ ನಾವೇ ಅವನ ಕೈಗೆ ಕೊಟ್ಟೆವು ಅಂತ ಒಪ್ಪಲೇಬೇಕು. ಅಲ್ಲಿಗೆ ಆ ಬೆರಳಚ್ಚಿಗೆ ಬೆಲೆ ಇಲ್ಲ. ಈ ಮಧ್ಯೆ ಅವರು ಆ ಗೀರುಗಳ ವಿಷಯ ಎತ್ತುತ್ತಾರೆ, ನಿನ್ನ ಕೆಲಸವನ್ನ ಒರಟು ಅಂತಾರೆ, ಬೇಕಂತಲೇ ಅಂತಾರೆ. ನೀನು ಎದ್ದು ನಿಂತು ಬಾಯಿ ಹಾಕಿದೆಯೋ, ನನ್ನ ಆರು ಪ್ರಶ್ನೆಯೂ ಹೊಳೆಗೆ ಹೋಯಿತು. ನಿನ್ನ ಕಸುಬಿನ ಮರ್ಯಾದೆ ಒಂದು ದಿನ ಮಣ್ಣಾಗಲಿ ಬಿಡು. ಹೊರಗೆ ಬಂದ ಮೇಲೆ ಬೇಕಾದರೆ ಅಂಗಡಿ ಮುಂದೆ ಬೋರ್ಡ್ ಬರೆಸು, ಇಲ್ಲಿ ಗೀರು ಬೀಳದಂತೆ ಬೀಗ ತೆಗೆಯಲಾಗುತ್ತದೆ ಅಂತ. ಖರ್ಚು ನನ್ನದು.

ನಿನ್ನ ಮೇಲೆ ಕೋಪ ಇದೆ, ಬಹಳ ಇದೆ. ಆದರೆ ಹೋದ ವಾರ ನಿನ್ನ ಮಣಿಕಟ್ಟು ಎಷ್ಟು ಸಣ್ಣಗಾಗಿದೆ ಅಂತ ನೋಡಿದಾಗಿಂದ ನನಗೆ ಊಟ ಸೇರ್ತಿಲ್ಲ. ನಿನ್ನ ಮಗಳು ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸಿ ಮತ್ತೆ ಮುಚ್ತಾಳಂತೆ, ದಿನಾ. ಅಪ್ಪ ಬಂದಾಗ ಧೂಳಿರಬಾರದಂತೆ. ನೀನು ಬೇಗ ಮನೆಗೆ ಬರಬೇಕು ಕಣೋ, ನನಗೆ ಬೇರೇನೂ ಬೇಡ.

ನಾಳೆ ಬಿಳಿ ಅಂಗಿ ಹಾಕ್ಕೋ. ಜಡ್ಜ್ ನಿನ್ನ ಹೆಸರು ಕೇಳಿದರೆ ಹೇಳು. ಅದರಿಂದಾಚೆಗೆ ಯಾರು ಏನೇ ಕೇಳಲಿ, ನನ್ನ ಮುಖ ನೋಡು, ಸಾಕು.

ನಿನ್ನ ಅಕ್ಕ
(ಕೋರ್ಟಿನ ಒಳಗೆ ನಿನ್ನ ವಕೀಲೆ, ಆದ್ದರಿಂದ ಅಲ್ಲಿ ಅಕ್ಕಾ ಅಂತ ಕೂಗಬೇಡ)

ತಾ.ಕ.: ಸಹಿ ಹಾಕಿ ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿದೆ. ಮುಗಿದ ಕಥೆ ಅಂತ ಮೇಲೆ ಬರೆದೆನಲ್ಲ, ಮುಗಿದಿಲ್ಲ. ಅವತ್ತು ಬೆಳಿಗ್ಗೆ ಸ್ಟೇಷನ್ನಿಂದ ಕರೆ ಬಂದಿದೆ, ಏನು ಮಾಡಲಿ ಅಂತ ನೀನು ಮೊದಲು ಫೋನ್ ಮಾಡಿದ್ದು ನನಗೆ. ನಾನು ಬೇರೆ ಯಾವುದೋ ಕೇಸಿನ ಗಡಿಬಿಡಿಯಲ್ಲಿದ್ದೆ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಾರೋ, ತಪ್ಪು ಮಾಡದವನಿಗೆ ಏನು ಭಯ ಅಂದೆ. ಹದಿನೇಳು ವರ್ಷದಲ್ಲಿ ಯಾವ ಕಕ್ಷಿದಾರನಿಗೂ ನಾನು ಹೇಳದ ಮಾತು ಅದು. ಈ ಹಕ್ಕುಗಳೆಲ್ಲ ಬೇರೆಯವರಿಗೆ ಬೇಕಾಗುತ್ತೆ, ನಮ್ಮ ಮನೆಯವರಿಗಲ್ಲ ಅಂದ್ಕೊಂಡಿದ್ದೆ. ಆ ನಾಲ್ಕು ಪುಟವನ್ನ ನಾನು ನೂರು ಸಲ ಓದಿದ್ದೀನಿ. ಅದರಲ್ಲಿ ನಿನ್ನ ಅಂಗಡಿ, ನಿನ್ನ ಗುರು, ನಿನ್ನ ಮೊದಲ ಬೀಗ ಎಲ್ಲ ಇದೆ. ಅಕ್ಕ ಹೇಳಿದ್ದಕ್ಕೆ ಬಂದೆ ಅಂತ ಒಂದು ಸಾಲು ಎಲ್ಲೂ ಇಲ್ಲ. ಅಮ್ಮ ಅತ್ತು ಕೇಳಿದಾಗಲೂ ನೀನು ಹೇಳಲಿಲ್ಲ, ನಿನ್ನ ಹೆಂಡತಿಗೂ ಹೇಳಿಲ್ಲ. ಇವತ್ತು ಸಂಜೆ ಅಮ್ಮನಿಗೆ ನಾನೇ ಹೇಳ್ತೀನಿ. ನೀನು ನಾಳೆ ಒಂದು ಬೆಳಿಗ್ಗೆ, ನನಗೋಸ್ಕರ ಇಷ್ಟು ದಿನ ಹೇಗೆ ಸುಮ್ಮನಿದ್ದೆಯೋ, ಹಾಗೇ ನಿನಗೋಸ್ಕರ ಸುಮ್ಮನಿರು.